ಪಾರ್ಕಿಗೆ ಕಮಾನು ಬೇಡ, ಕಳೆ ಕಡಿಸಿ

ಮಾನ್ಯರೇ,

ಕೊಡಗಿನ ಊರುಗಳಲ್ಲಿ ಪಾರ್ಕ್ ಕಟ್ಟಲು ದುಡ್ಡು ಸಿಗುತ್ತದೆ, ಕಟ್ಟಿದ್ದನ್ನು ನೋಡಿಕೊಳ್ಳಲು ಸಿಗುವುದಿಲ್ಲ. ಮಡಿಕೇರಿಯ ರಾಜಾಸೀಟ್ ಉದ್ಯಾನಕ್ಕೆ ಪ್ರವೇಶ ಶುಲ್ಕ ಇದೆ, ತೋಟಗಾರಿಕೆ ಇಲಾಖೆಯ ಆರೈಕೆಯೂ ಇದೆ. ಬಡಾವಣೆಗಳ ಸಣ್ಣ ಪಾರ್ಕುಗಳಿಗೆ ಯಾರು ದಿಕ್ಕು? ನಮ್ಮಲ್ಲಿ ಜಾರುಬಂಡೆಯ ತಗಡು ತುಕ್ಕು ಹಿಡಿದು ತೂತಾಗಿದೆ, ಬೆಂಚಿನ ಮೇಲೆ ಪಾಚಿ. ಇಲ್ಲಿನ ಮಳೆಗೆ ಕಬ್ಬಿಣ ಬಾಳಿಕೆ ಬರುವುದಿಲ್ಲ, ಹುಲ್ಲು ಮಾತ್ರ ಆಳೆತ್ತರ ಬೆಳೆಯುತ್ತದೆ. ಆದರೂ ಖರ್ಚಾಗಿದ್ದು ಹೊಸ ಕಮಾನಿಗೆ!

ಸ್ಥಳೀಯ ಸಂಸ್ಥೆಗಳಿಗೆ ಆದಾಯ ಕಡಿಮೆ, ಒಪ್ಪೋಣ. ಹಾಗಾದರೆ ಪ್ರತಿ ಪಾರ್ಕ್ ಕಾಮಗಾರಿಯ ಹಣದಲ್ಲೇ ನಿರ್ವಹಣೆಗೆ ಒಂದು ಪಾಲು ತೆಗೆದಿಡಲಿ. ದಿನದ ಉಸ್ತುವಾರಿಯನ್ನು ನಿವಾಸಿಗಳ ಸಂಘ ವಹಿಸಿಕೊಳ್ಳಬಹುದು. ಮಳೆಗಾಲಕ್ಕೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಹುಲ್ಲು, ಕಳೆ ಕಡಿಸುವ ಕೂಲಿಯನ್ನು ಸಂಸ್ಥೆ ಕೊಡಲಿ. ಲೆಕ್ಕವನ್ನು ಗೇಟಿನಲ್ಲೇ ಬರೆದು ಹಾಕಲಿ.

– ಒಬ್ಬ ಓದುಗ, ಕೊಡಗು