ಟಿಪ್ಪಣಿ ಬರೆಯುವವನಿಗೆ

ಪ್ರೀತಿಯ ತಮ್ಮ,

ಹಸ್ತಪ್ರತಿ ತಲುಪಿತು. ಕಾಗುಣಿತ, ಅಧ್ಯಾಯದ ಉದ್ದ, ಇದೆಲ್ಲ ನನ್ನನ್ನು ಕೇಳಬೇಡ. ಕರಡು ತಿದ್ದುವವರು ನೋಡಿಕೊಳ್ಳುತ್ತಾರೆ. ನಿನ್ನ ಕಾಗದದ ಕೊನೆಯ ಸಾಲು ಮಾತ್ರ ಮನಸ್ಸಿಗೆ ನಾಟಿತು: "ಅರಬ್ಬಿ ವ್ಯಾಕರಣದ ಬಗ್ಗೆ ಎಲ್ಲರೂ ಹೇಳಿ ಮುಗಿಸಿದ್ದಾರೆ, ನಾನು ಸುಮ್ನೆ ಅರೆದದ್ದನ್ನೇ ಅರೆಯುತ್ತಿದ್ದೇನೆ."

ಅರೆಯುತ್ತಿಲ್ಲ ಮಾರಾಯ, ಅದೇ ನನ್ನ ತಕರಾರು! ವ್ಯಾಕರಣಕಾರರಾದ ಸೀಬವೈಹಿಗೂ ಕಿಸಾಯಿಗೂ ಆದ ಜಗಳಕ್ಕೆ ಇಡೀ ಅಧ್ಯಾಯ ಕೊಟ್ಟಿದ್ದೀಯ. ಬಗ್ದಾದಿನ ಸಭೆ, ಯಾವ ರೂಪ ಸರಿ ಅಂತ ಅವರು ವಾದಿಸಿದ ಚೇಳು ಮತ್ತು ಕಣಜದ ಕುಟುಕಿನ ಆ ವಾಕ್ಯ, ಸಾಕ್ಷಿ ಹೇಳಲು ಬಂದ ಬೆದೂಯಿನರು, ಅಂದರೆ ಮರುಭೂಮಿಯ ಅಲೆಮಾರಿ ಅರಬರು. ಓದೋಕೆ ಮಜಾ ಇದೆ, ಒಪ್ಪಿದೆ. ಆದರೆ ಆ ಕಥೆ ಯಾರು ಬೇಕಾದರೂ ಹೇಳುತ್ತಾರೆ. ವ್ಯಾಕರಣವನ್ನೇ ಪದ್ಯದಲ್ಲಿ ಹೇಳುವ ಇಬ್ನ್ ಮಾಲಿಕನ ಅಲ್ಫಿಯ್ಯಾಗೆ ಮಾತ್ರ ಒಂದೇ ಪ್ಯಾರಾ. 13ನೇ ಶತಮಾನ, ಸುಮಾರು 1000 ಪದ್ಯ, "ಹಲವು ವ್ಯಾಖ್ಯಾನಗಳು ಬಂದವು". ಮುಗೀತು. ಯಾಕೆ ಬಂದವು ಅಂತ ನೋಡಿದೆಯಾ?

ಅದರಲ್ಲಿ ವ್ಯಾಕರಣ ಶುರುವಾಗುವ ಸಾಲನ್ನೇ ತಗೋ: "ಕಲಾಮುನಾ ಲಫ್ಝುನ್ ಮುಫೀದುನ್ ಕಸ್ತಕಿಮ್". ನಮ್ಮ ಮಾತು ಅಂದರೆ ಅರ್ಥ ಕೊಡುವ ನುಡಿ, "ನೆಟ್ಟಗಿರು" ಅನ್ನುವ ಹಾಗೆ. 14ನೇ ಶತಮಾನದ ವ್ಯಾಖ್ಯಾನಕಾರ ಇಬ್ನ್ ಅಕೀಲ್ ಅಲ್ಲೇ ಕೂತುಬಿಡುತ್ತಾನೆ. "ನಮ್ಮ" ಯಾಕೆ? ಇದು ವ್ಯಾಕರಣದವರ ಲೆಕ್ಕದ ಮಾತು, ನಿಘಂಟಿನವರದಲ್ಲ. "ನೆಟ್ಟಗಿರು" ಒಂದೇ ಪದ, ಪೂರ್ತಿ ಮಾತು ಹೇಗಾಯಿತು? ಅದರೊಳಗೆ "ನೀನು" ಅಡಗಿದೆ. ಇನ್ನೂ ಕೆಲವರು ಕೇಳಿದರು: ಅದು ಬರೀ ಉದಾಹರಣೆಯೋ, ಮಾತಿನ ಲಕ್ಷಣದ್ದೇ ಭಾಗವೋ? ಮೂಲಕ್ಕೆ ಶರಹ್ (ವ್ಯಾಖ್ಯಾನ), ಶರಹ್‌ಗೆ ಹಾಶಿಯಾ, ಅಂದರೆ ಆ ವ್ಯಾಖ್ಯಾನದ ಮೇಲಿನ ಟಿಪ್ಪಣಿ. ಪುಟದ ಅಂಚೂ ಸಾಲದಾಯಿತು. ಒಬ್ಬೊಬ್ಬರೂ ಹಿಂದಿನವನು ಕೇಳದೆ ಬಿಟ್ಟದ್ದನ್ನು ಕೇಳುತ್ತಿದ್ದರು. ನೀನು ಒಂದನ್ನಾದರೂ ಕೇಳಿದ್ದೀಯಾ?

ನನ್ನ ಪುಸ್ತಕವೊಂದನ್ನು ವಿಮರ್ಶಕರೊಬ್ಬರು "ಟಿಪ್ಪಣಿಗಳ ಕಂತೆ" ಅಂತ ಜರೆದಿದ್ದರು. ಈಗಲೂ ಹೊಟ್ಟೆ ಉರಿಯುತ್ತದೆ. ಬೆನ್ನುಡಿ ದಾಟಿ ಒಳಗೆ ಹೋಗಿರಲಿಲ್ಲ ಅಂತ ನನ್ನ ಗುಮಾನಿ. ಅದಿರಲಿ.

ನಿನಗೆ ಅರಬ್ಬಿ ಬರುತ್ತದೆ, ಕನ್ನಡದಲ್ಲಿ ಬರೆಯುವ ಕೈಯೂ ಇದೆ. ಎರಡೂ ಇರುವವರು ಎಷ್ಟು ಜನ ಸಿಗುತ್ತಾರೆ ಹೇಳು? ಕಣಜವನ್ನು ಎರಡು ಪುಟಕ್ಕೆ ಇಳಿಸು. ಅಲ್ಫಿಯ್ಯಾದ ಹತ್ತು ಸಾಲು ಹಿಡಿದು ಕೂತುಕೋ. ಅರ್ಥವಾಗದ ಜಾಗ ಬಂದರೆ ಹಾರಬೇಡ, ಅಲ್ಲಿಯೇ ಜಾಸ್ತಿ ಬರಿ.

ಮುನ್ನುಡಿ ಕೇಳಿದ್ದೀಯ. ಅದಾಗಲೇ ಮೂವರಿಂದ ಬರೆಸಿದ್ದೀಯಂತೆ! 8ನೇ ಶತಮಾನದ ಸೀಬವೈಹಿಯ ಪುಸ್ತಕಕ್ಕೆ ಮುನ್ನುಡಿ ಹಾಗಿರಲಿ, ಹೆಸರೇ ಇರಲಿಲ್ಲ. ಓದಿದವರೇ ಅದನ್ನು ಅಲ್-ಕಿತಾಬ್, ಅಂದರೆ "ಪುಸ್ತಕ", ಅಂತ ಕರೆದರು. ನಾನು ಬರೆಯುವುದಿಲ್ಲ. ಆ ಮೂರನ್ನೂ ತೆಗೆದು, ತಿದ್ದಿದ ಅಧ್ಯಾಯ ಮಾತ್ರ ಕಳಿಸು.

ನಿನ್ನ ಅಣ್ಣ