ದೂರ ಅಳೆಯಬೇಕಾದದ್ದು ಗಣಿಯಿಂದ, ಗೋದಾಮಿನಿಂದಲ್ಲ

ಮಾನ್ಯರೇ,

ಹಸಿರು ಕಟ್ಟಡದ ಪ್ರಮಾಣಪತ್ರಕ್ಕೆ ಸಲ್ಲಿಸುವ ಕಡತಗಳಲ್ಲಿ ‘ಸ್ಥಳೀಯ ಸಾಮಗ್ರಿ’ಯ ಕಾಲಂ ತುಂಬುವಾಗ, ಎಷ್ಟೋ ಕಡೆ ಡೀಲರ್‌ ಬಿಲ್ಲಿನಲ್ಲಿರುವ ವಿಳಾಸದಿಂದ ಸೈಟ್‌ವರೆಗಿನ ದೂರವನ್ನೇ ಬರೆದುಬಿಡುತ್ತಾರೆ. ಇದು ತಪ್ಪು. ಲೀಡ್‌ ಎಂಬ ಅಮೆರಿಕ ಮೂಲದ ಹಸಿರು ಕಟ್ಟಡ ಪ್ರಮಾಣೀಕರಣ ಪದ್ಧತಿಯ 2009ರ ಆವೃತ್ತಿಯ ಪ್ರಕಾರ ಕಚ್ಚಾವಸ್ತು ತೆಗೆದ ಜಾಗ ಮತ್ತು ಸಾಮಗ್ರಿ ತಯಾರಾದ ಕಾರ್ಖಾನೆ ಎರಡೂ ಸೈಟ್‌ನಿಂದ 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ಒಳಗಿರಬೇಕಿತ್ತು. 4ನೇ ಆವೃತ್ತಿಯಲ್ಲಿ ಈ ಮಿತಿ 160 ಕಿ.ಮೀ.ಗೆ ಇಳಿಯಿತು, ಖರೀದಿಸಿದ ಜಾಗವೂ ಆ ವ್ಯಾಪ್ತಿಯೊಳಗೇ ಇರಬೇಕು.

ಹಲವು ವಸ್ತುಗಳು ಸೇರಿ ಆಗುವ ಸಾಮಗ್ರಿಯಲ್ಲಿ ಪ್ರತಿಯೊಂದರ ತೂಕದ ಪಾಲನ್ನು ಬೇರೆಯಾಗಿ ಹಿಡಿದು, ಬೆಲೆಯನ್ನೂ ಅದೇ ಪ್ರಮಾಣದಲ್ಲಿ ಹಂಚಬೇಕು. ಒಂದು ಘನ ಮೀಟರ್ ಕಾಂಕ್ರೀಟ್‌ಗೆ 350 ಕೆ.ಜಿ. ಸಿಮೆಂಟ್, 700 ಕೆ.ಜಿ. ಮರಳು, 1,180 ಕೆ.ಜಿ. ಜಲ್ಲಿ, 170 ಲೀಟರ್ ನೀರು ಎಂದುಕೊಳ್ಳಿ. ಎಲ್ಲ ಸೇರಿ ತೂಕ 2,400 ಕೆ.ಜಿ. ಆಯಿತು. ಇದರಲ್ಲಿ ಸಿಮೆಂಟ್ 900 ಕಿ.ಮೀ. ಆಚೆಯಿಂದ ಬಂದರೆ ಅದರ ಪಾಲು ಶೇ 14.6 ಮಾತ್ರ, ಉಳಿದವು ಹತ್ತಿರದವಾದರೆ ಕಾಂಕ್ರೀಟಿನ ಬೆಲೆಯಲ್ಲಿ ಶೇ 85.4 ಭಾಗ ಸ್ಥಳೀಯವಾಗುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ತೂಕವನ್ನು ದೂರದಿಂದ ಗುಣಿಸಿ ನೋಡಿ: ಸಿಮೆಂಟ್ 315 ಟನ್-ಕಿ.ಮೀ., 60 ಕಿ.ಮೀ. ದೂರದ ಮರಳು 42, 30 ಕಿ.ಮೀ. ದೂರದ ಜಲ್ಲಿ 35.4. ಸಾಗಾಟದ ಹೊರೆಯಲ್ಲಿ ಶೇ 80ರಷ್ಟು ಆ ಸಿಮೆಂಟಿನದೇ! ಆದ್ದರಿಂದ ನಿಯಮ ಕೇಳದಿದ್ದರೂ ಟನ್-ಕಿ.ಮೀ. ಕೋಷ್ಟಕವನ್ನು ಕಡತಕ್ಕೆ ಸೇರಿಸಲೇಬೇಕು ಎಂಬುದು ನಮ್ಮ ಆಗ್ರಹ.

ಸೈಟ್‌ ಅನ್ನು ಕೇಂದ್ರವಾಗಿಟ್ಟು ನಕ್ಷೆಯ ಮೇಲೆ ವೃತ್ತ ಎಳೆದು ಅಳೆಯುವುದರಲ್ಲೂ ಒಂದು ಕೊರತೆಯಿದೆ. ಸೈಟ್‌ನಿಂದ 40 ಕಿ.ಮೀ. ದೂರದಲ್ಲಿ ತೆಗೆದ ಕಲ್ಲು, ವಿರುದ್ಧ ದಿಕ್ಕಿನಲ್ಲಿ 300 ಕಿ.ಮೀ. ಆಚೆಯ ಪಾಲಿಶ್ ಘಟಕಕ್ಕೆ ಹೋಗಿ ಮರಳಿದರೆ ಕನಿಷ್ಠ 640 ಕಿ.ಮೀ. ಸಾಗಿರುತ್ತದೆ. ವೃತ್ತದ ಲೆಕ್ಕಕ್ಕೆ ಸಿಗುವುದು 40 ಮತ್ತು 300 ಮಾತ್ರ. ಗಣಿಯಿಂದ ಘಟಕಕ್ಕೆ, ಘಟಕದಿಂದ ಸೈಟ್‌ಗೆ ಎಂದು ಹಂತಹಂತವಾಗಿ ರಸ್ತೆಯ ದೂರ ಕೂಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ರೈಲು, ಹಡಗಿನಲ್ಲಿ ಬಂದ ಸರಕಿಗೆ 2009ರ ಆವೃತ್ತಿಯಲ್ಲೇ ಬೇರೆ ಸೂತ್ರವಿತ್ತು. ರೈಲಿನ ದೂರವನ್ನು 3ರಿಂದ, ಒಳನಾಡು ಜಲಮಾರ್ಗವನ್ನು 2ರಿಂದ, ಸಮುದ್ರಮಾರ್ಗವನ್ನು 15ರಿಂದ ಭಾಗಿಸಿ, ಲಾರಿಯ ದೂರವನ್ನು ಹಾಗೆಯೇ ಕೂಡಬೇಕಿತ್ತು. ರೈಲಿನಲ್ಲಿ 1,200, ಲಾರಿಯಲ್ಲಿ 80 ಕಿ.ಮೀ. ಬಂದದ್ದು 480 ಆಗುತ್ತದೆ, ಆ ಆವೃತ್ತಿಯ 800 ಕಿ.ಮೀ. ಮಿತಿಯೊಳಗೇ ಇದೆ. ರೈಲು ನಿಲ್ದಾಣದಿಂದ ಸೈಟ್‌ವರೆಗಿನ ಲಾರಿ ದೂರವನ್ನು ಮರೆಯುವುದು, ಮೈಲಿ-ಕಿಲೋಮೀಟರ್ ಬೆರೆಸುವುದು ಇಲ್ಲಿ ಪದೇಪದೇ ಕಾಣುವ ತಪ್ಪುಗಳು.

ಹಳೆ ಕಟ್ಟಡ ಕೆಡವಿ ತಂದ ಮರ, ಇಟ್ಟಿಗೆಗೆ ಕೆಡವಿದ ಜಾಗವೇ ಮೂಲ. ಇನ್ನು ದಾಖಲೆ: ಗಣಿಯ ಹೆಸರು ಮತ್ತು ಸ್ಥಳ, ಕಾರ್ಖಾನೆಯ ವಿಳಾಸ, ತೂಕದ ಪಾಲು ಇರುವ ಪತ್ರವನ್ನು ತಯಾರಕರಿಂದಲೇ ಪಡೆಯಬೇಕು, ಅದೂ ಖರೀದಿ ಆದೇಶದ ಷರತ್ತಾಗಿ. ಹಣ ಪಾವತಿಯಾದ ಮೇಲೆ ಕೇಳಿದರೆ ಆ ಪತ್ರ ಬರುವುದು ಕಷ್ಟ.

– ಸಿವಿಲ್ ಎಂಜಿನಿಯರುಗಳ ಬಳಗ