ಉಷ್ಟ್ರಪಕ್ಷಿಯ ಒತ್ತಕ್ಷರ

ಮಾನ್ಯ ಸಂಪಾದಕರೇ,

ನಾನು ನಿವೃತ್ತ ನಲಿ-ಕಲಿ ಶಿಕ್ಷಕಿ. ಸರಕಾರಿ ಶಾಲೆಯ ಸಣ್ಣ ಕ್ಲಾಸಿನ ಮಕ್ಕಳಿಗೆ ಆಟವಾಡಿಸುತ್ತಾ ಕಲಿಸುವ ಪದ್ಧತಿ ಅದು. ಈಗ ಶನಿವಾರ ಮಧ್ಯಾಹ್ನ ಹಳ್ಳಿಯೊಂದರ ಲೈಬ್ರರಿಯಲ್ಲಿ ಮಕ್ಕಳಿಗೆ ಕತೆ ಓದಿ ಹೇಳುತ್ತೇನೆ. ಹೋದ ತಿಂಗಳು ಅಲ್ಲಿಗೆ ಚಿತ್ರಪುಸ್ತಕಗಳ ಒಂದು ಕಟ್ಟು ಬಂತು. ನುಣುಪು ಕಾಗದ, ಝಗಮಗ ಬಣ್ಣ. ದಾರ ಬಿಚ್ಚುವಾಗ ನನಗೂ ಮಕ್ಕಳಷ್ಟೇ ಖುಷಿ. ಅರ್ಧ ಗಂಟೆಯಲ್ಲಿ ಅದು ಇಳಿಯಿತು.

ಮೊದಲು ಕೈಗೆ ಸಿಕ್ಕಿದ್ದು ಹಕ್ಕಿಗಳ ಪುಸ್ತಕ. ರಟ್ಟಿನ ಮೇಲೆ ‘1ನೇ ತರಗತಿಗೆ’ ಎಂದಿದೆ. ಒಳಗೆ ಮೊದಲ ಪುಟದಲ್ಲೇ ‘ಉಷ್ಟ್ರಪಕ್ಷಿ’, ಅಂದರೆ ಆಸ್ಟ್ರಿಚ್! 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ನಾವು ಅ ಆ ಇ ಈ ಎಂದು ಶುರುಮಾಡುವುದಿಲ್ಲ. ರ ಗ ಸ ದ ಅ ಮೊದಲು. ಈ ಐದು ಬಂದರೆ ಸಾಕು, ಮಗು ‘ಸರ’, ‘ಅರಸ’, ‘ಗರಗಸ’ ಓದಿಬಿಡುತ್ತದೆ. ಆಗ ಅದರ ಮುಖ ನೋಡಬೇಕು. ಒತ್ತಕ್ಷರ ಬರುವುದು ಎಷ್ಟೋ ಮೆಟ್ಟಿಲು ಹತ್ತಿದ ಮೇಲೆ. ಅಂಥ ಮಗುವಿನ ಮುಂದೆ ಷಕಾರ, ಅದಕ್ಕೊಂದು ಟ ಒತ್ತು, ಮೇಲೊಂದು ರ ಒತ್ತು ಇಟ್ಟರೆ ಅದು ಏನು ಮಾಡೀತು?

ಪದ ಕಷ್ಟ, ಇರಲಿ. ಅಚ್ಚಾಗಿರುವ ರೀತಿಯಾದರೂ ಸರಿ ಬೇಡವೇ? ಸಾಲುಗಳ ನಡುವೆ ಜಾಗವೇ ಇಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹತ್ತಿ ಕೂತಿದೆ. ಇಂಗ್ಲಿಷಿಗೆ ಅಳತೆ ಮಾಡಿದ ಪುಟಕ್ಕೆ ಕನ್ನಡ ತುರುಕಿದರೆ ಹೀಗೇ ಆಗುವುದು. ಅವರ ಅಕ್ಷರಕ್ಕೆ ಕೆಳಗೆ ಅಷ್ಟು ಜಾಗ ಬೇಡ, ನಮ್ಮದಕ್ಕೆ ಬೇಕು. ಇನ್ನೊಂದು ಪುಟದಲ್ಲಿ ಕಡುನೀಲಿ ರಾತ್ರಿಯ ಮೇಲೆ ಕಪ್ಪು ಅಕ್ಷರ. ನನ್ನ ಕನ್ನಡಕಕ್ಕೇ ಕಾಣಲಿಲ್ಲ.

ಮತ್ತೊಂದರಲ್ಲಿ ‘ಅಜ್ಜಿ ರೊಟ್ಟಿ ತಟ್ಟಿದಳು’ ಎಂದಿದೆ. ಚಿತ್ರದಲ್ಲಿ ಅಜ್ಜಿಯ ಕೈಯಲ್ಲಿ ಲಟ್ಟಣಿಗೆ! ನಾನು ಗಮನಿಸದೆ ಪುಟ ತಿರುಗಿಸುತ್ತಿದ್ದೆ. ಎರಡನೇ ಕ್ಲಾಸಿನ ಹುಡುಗ ಕೈ ಹಿಡಿದು ನಿಲ್ಲಿಸಿದ. ‘ಮಿಸ್, ಅಜ್ಜಿ ತಟ್ತಾ ಇಲ್ಲ, ಲಟ್ಟಿಸ್ತಾ ಐತೆ.’ ಬರೆದವರು ಚಿತ್ರ ನೋಡಿಲ್ಲ, ಬಿಡಿಸಿದವರು ಕತೆ ಓದಿಲ್ಲ, ಕೊಂಡವರು ಎರಡನ್ನೂ ಮಾಡಿಲ್ಲ.

ಅದೇ ಕಟ್ಟಿನಲ್ಲಿ ಒಂದು ಒಳ್ಳೇ ಪುಸ್ತಕವೂ ಇತ್ತು, ಹೇಳದಿದ್ದರೆ ತಪ್ಪಾದೀತು. ಪುಟಕ್ಕೆ ಒಂದೇ ಸಾಲು. ಕತೆಯಲ್ಲಿ ಎಲ್ಲೂ ಬೆಕ್ಕಿನ ಮಾತಿಲ್ಲ. ಆದರೆ ಪ್ರತಿ ಚಿತ್ರದಲ್ಲೂ ಒಂದು ಬೆಕ್ಕು. ಒಮ್ಮೆ ಒರಳಿನ ಹಿಂದೆ, ಒಮ್ಮೆ ನೆಲುವಿನ ಮೇಲೆ. ಮಕ್ಕಳು ಅದನ್ನು ಹುಡುಕುತ್ತಾ ನಾಲ್ಕು ಸಲ ಓದಿಸಿದರು. ಮಾತು ಬಿಟ್ಟದ್ದನ್ನು ಚಿತ್ರ ಹೇಳಿದರೆ ಅದು ಚಿತ್ರಪುಸ್ತಕ, ಅಲ್ವಾ?

ಆರಿಸುವುದೇನೂ ದೊಡ್ಡ ವಿದ್ಯೆಯಲ್ಲ. ಬರಹವನ್ನು ಅಂಗೈಯಿಂದ ಮುಚ್ಚಿ, ಚಿತ್ರ ನೋಡಿ ಕತೆ ಹೇಳು ಎಂದು ಮಗುವಿಗೆ ಹೇಳಿ. ಆಮೇಲೆ ಬರಹವನ್ನು ನೀವೇ ಗಟ್ಟಿಯಾಗಿ ಓದಿ. ‘ಅವನು ಸಂತೋಷಭರಿತನಾದನು’ ಎಂಬಲ್ಲಿ ನಿಮ್ಮ ನಾಲಗೆಯೇ ತಡವರಿಸುತ್ತದೆ. ನಡುವಿನ ಪಿನ್ ಮೊಳೆಯಂತೆ ಎದ್ದಿದೆಯೇ, ಬೆರಳಾಡಿಸಿ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಪುಕ್ಕಟೆ ಸಿಗುತ್ತವೆ. ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಒಂದಷ್ಟು ಓದಿ ಕಣ್ಣು ಪಳಗಿಸಿಕೊಳ್ಳಬಹುದು. ಆದರೆ ಯಾರು ಮಾಡಿದ ಹಂತವಾದರೂ ಸುಮ್ನೆ ನಂಬಬೇಡಿ. ಪುಟ್ಟ ಕತೆಯಲ್ಲೂ ಒಂದು ಉಷ್ಟ್ರಪಕ್ಷಿ ಅಡಗಿರಬಹುದು.

ನನ್ನ ಬೇಡಿಕೆ ಇಷ್ಟೇ. ಶಾಲೆಗೆ, ಲೈಬ್ರರಿಗೆ ಪುಸ್ತಕ ಕೊಳ್ಳುವವರು ಬೆಲೆಪಟ್ಟಿ ನೋಡಿ ಸಹಿ ಹಾಕಬೇಡಿ. ಒಂದೊಂದು ಪ್ರತಿ ತರಿಸಿ. ಸಣ್ಣ ಕ್ಲಾಸಿನ ಇಬ್ಬರು ಟೀಚರು, ನಾಲ್ಕು ಮಕ್ಕಳು ಅರ್ಧ ದಿನ ಕೂತು ಓದಲಿ. ಖರ್ಚು ಒಂದು ಕೆಟಲ್ ಚಹಾ, ಮಕ್ಕಳಿಗೆ ಬಿಸ್ಕತ್ತು.

ಹಕ್ಕಿ ಪುಸ್ತಕವನ್ನು ನಾನು ಎತ್ತಿಡಲಿಲ್ಲ. ಸಾಲುಗಳ ಮೇಲೆ ಬಿಳಿ ಚೀಟಿ ಅಂಟಿಸಿ ಮಕ್ಕಳಿಂದಲೇ ಬರೆಸುತ್ತಿದ್ದೇನೆ. ಉಷ್ಟ್ರಪಕ್ಷಿಯ ಕೆಳಗೆ ಮೂರನೇ ಕ್ಲಾಸಿನ ಹುಡುಗಿ ‘ಉದ್ದ ಕಾಲಿನ ಕೋಳಿ’ ಎಂದು ಬರೆದಿದ್ದಾಳೆ. ದ ಒತ್ತು ದೂರದಿಂದಲೂ ಕಾಣುತ್ತದೆ.

– ನಿವೃತ್ತ ಶಿಕ್ಷಕಿ, ಅರಸೀಕೆರೆ ತಾಲ್ಲೂಕು